ಸೂಲಗಿತ್ತಿಯ ವೃತ್ತಿ: ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ

೧

ಕನ್ನಡದ ವೃತ್ತಿವಾಚಕಗಳಲ್ಲಿ ಸೂಲಗಿತ್ತಿ ಎಂಬ ಶಬ್ದವು ವಿಚಾರಕ್ಕೆ ಯೋಗ್ಯವಾದುದು. ಸೂಲು ಎಂದರೆ ಹೆರಿಗೆ. ಚೊಚ್ಚಲ ಸೂಲು ಎಂಬ ಪ್ರಯೋಗವು ಹಳ್ಳಿಗಳ ಮಾತಿನಲ್ಲಿ ಪ್ರಸಿದ್ಧವಾಗಿದೆ. ಇದಕ್ಕೆ ಸಜಾತೀಯವಾದ ತಮಿಳು ಶಬ್ದವು ಬಸಿರೆಂಬ ಅರ್ಥವನ್ನು ಕೊಡುವುದರಿಂದ ಶಬ್ದವು ದ್ರಾವಿಡಮೂಲದ್ದೆಂಬುದು ಸ್ಪಷ್ಟ. ಉಳಿದುದು ಸ್ತ್ರೀಪ್ರತ್ಯಯ. ಒಕ್ಕಲಿಗನಿಗೆ ಒಕ್ಕಲಗಿತ್ತಿ, ಮದುವಣಿಗನಿಗೆ ಮದುವಣಗಿತ್ತಿ ಎಂಬಂತೆ ಈ ಬಗೆಯ ಶಬ್ದಗಳಿಗೆ ಸಾಮಾನ್ಯವಾಗಿ ಪುಲ್ಲಿಂಗದ ಜೊತೆಯುಂಟು. ಸೂಲಗಿತ್ತಿಗೆ ಮಾತ್ರ ಅಂತಹ ಜೊತೆಯು ಬಳಕೆಯಲ್ಲಿಲ್ಲ. ಗಂಡಿನ ವೃತ್ತಿಯಿಂದ ಹೆಂಡತಿಗೆ ಬಂದ ಹೆಸರು ಇದಲ್ಲ. ಹೆಣ್ಣು ತಾನೇ ಸಂಪಾದಿಸಿದ ಹೆಸರು.

ಈ ಒಂದು ಹೆಸರಿನೊಳಗೆ ಎರಡು ಕೆಲಸಗಳು ಅಡಗಿವೆ. ಕೂಸನ್ನು ಹಿಡಿದು, ಹೊಕ್ಕುಳಬಳ್ಳಿಯನ್ನು ಕೊಯ್ದು, ಮಾಸು ಬೀಳುವಂತೆ ನೋಡಿಕೊಳ್ಳುವುದು ಒಂದು. ಬೇನೆ ತಿನ್ನುತ್ತಿರುವವಳ ಬಳಿಯಲ್ಲಿ ಕುಳಿತು, ಸೊಂಟ ಬೆನ್ನುಗಳನ್ನು ನೀವಿ, ಧೈರ್ಯ ಹೇಳಿ, ಹೊತ್ತನ್ನು ಕಳೆಯಿಸುವುದು ಇನ್ನೊಂದು. ಮೊದಲನೆಯದನ್ನು ಹಸ್ತಕೌಶಲವೆಂದೂ ಎರಡನೆಯದನ್ನು ಸಾನ್ನಿಧ್ಯವೆಂದೂ ಕರೆಯಬಹುದು. ಪ್ರಾಚೀನ ವೈದ್ಯಗ್ರಂಥಗಳು ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದ್ದವು. ಹಳ್ಳಿಯಲ್ಲಿ ಎರಡೂ ಒಬ್ಬಳಲ್ಲಿಯೇ ಕೂಡಿಕೊಂಡವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದ ಸುಧಾರಣೆಯು ಮೊದಲನೆಯದನ್ನು ಅವಳ ಕೈಯಿಂದ ತೆಗೆದುಕೊಂಡಿತು. ಅದು ನ್ಯಾಯವೇ ಆಗಿತ್ತು. ಆದರೆ ಅದರೊಡನೆ ಎರಡನೆಯದೂ, ಯಾರೂ ಬೇಡವೆಂದು ನಿರ್ಣಯಿಸದೆಯೇ, ಹೋಗಿಬಿಟ್ಟಿತು. ಈಚೆಗೆ ಅದು ಡೌಲಾ ಎಂಬ ಹೊರಗಿನ ಹೆಸರಿನಿಂದಲೂ ಹೆರಿಗೆಯ ಸಂಗಾತಿ ಎಂಬ ಸರಕಾರಿ ಹೆಸರಿನಿಂದಲೂ ಹಿಂದಿರುಗುತ್ತಿದೆ. ಈ ಹೋಗುಬರವಿನ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗಿದೆ.

೨

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ವಿಧಾನವು ವಿಸ್ತಾರವಾಗಿ ಬಂದಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಎಲುಬು, ಕಲ್ಲು, ಬೋಕಿಗಳನ್ನು ತೆಗೆದು ಶುದ್ಧಪಡಿಸಿದ ನೆಲದಲ್ಲಿ ಮನೆಯನ್ನು ಕಟ್ಟಬೇಕು. ನೀರು, ಬೆಂಕಿ, ಸ್ನಾನದ ಸ್ಥಳ ಮುಂತಾದವುಗಳ ಅನುಕೂಲವಿರಬೇಕು. ತುಪ್ಪ, ಎಣ್ಣೆ, ಉಪ್ಪು, ಔಷಧಿಗಳು, ಹರಿತವಾದ ಶಸ್ತ್ರಗಳು ಸಿದ್ಧವಾಗಿರಬೇಕು. ಈ ಪಟ್ಟಿಯ ಕೊನೆಯ ಭಾಗದಲ್ಲಿ ವಸ್ತುಗಳಲ್ಲ, ವ್ಯಕ್ತಿಗಳು ಬರುತ್ತಾರೆ. ಅಲ್ಲಿರಬೇಕಾದ ಹೆಂಗಸರ ಲಕ್ಷಣಗಳನ್ನು ಆಚಾರ್ಯನು ಒಂದೊಂದಾಗಿ ಎಣಿಸಿರುವನು: ಹಲವು ಸಲ ಹೆತ್ತವರಾಗಿರಬೇಕು, ಸ್ನೇಹವುಳ್ಳವರಾಗಿರಬೇಕು, ಗರ್ಭಿಣಿಯಲ್ಲಿ ಎಡೆಬಿಡದ ಪ್ರೀತಿಯುಳ್ಳವರಾಗಿರಬೇಕು, ಸಮಯಕ್ಕೆ ತಕ್ಕುದನ್ನು ಬೇಗನೆ ತಿಳಿಯಬಲ್ಲವರಾಗಿರಬೇಕು, ಸ್ವಭಾವದಿಂದಲೇ ವಾತ್ಸಲ್ಯವಂತರಾಗಿರಬೇಕು, ವಿಷಾದವನ್ನು ಬಿಟ್ಟವರಾಗಿರಬೇಕು, ಕ್ಲೇಶವನ್ನು ಸಹಿಸಬಲ್ಲವರಾಗಿರಬೇಕು.

ಈ ಗುಣಗಳಲ್ಲಿ ಹಸ್ತಕೌಶಲಕ್ಕೆ ಸಂಬಂಧಪಟ್ಟುದು ಯಾವುದು? ಸಮಯಜ್ಞತೆಯೊಂದನ್ನು ಹಾಗೆಂದು ಹೇಳಬಹುದು. ಮಿಕ್ಕವೆಲ್ಲವೂ ಮನಸ್ಸಿನ ಗುಣಗಳು. ವಿಷಾದವನ್ನು ಬಿಟ್ಟಿರಬೇಕೆಂಬ ಮಾತು ಅನುಭವದಿಂದಲ್ಲದೆ ಬರತಕ್ಕುದಲ್ಲ. ಬೇನೆಯ ಕೋಣೆಯಲ್ಲಿ ಒಬ್ಬಳ ಮುಖವು ಕಳೆಗುಂದಿದರೆ ಹೆರುವವಳ ಧೈರ್ಯವು ಕುಗ್ಗುವುದೆಂಬುದನ್ನು ಕಂಡವರೇ ಇದನ್ನು ಹೇಳಿರಬೇಕು.

ಸುಶ್ರುತಸಂಹಿತೆಯ ದೃಷ್ಟಿಯು ಸ್ವಲ್ಪ ಬೇರೆ. ಶಲ್ಯತಂತ್ರದ ಗ್ರಂಥಕ್ಕೆ ತಕ್ಕಂತೆ ಅದು ಸಂಖ್ಯೆಯನ್ನೂ ಕೈಯನ್ನೂ ಗಮನಿಸುತ್ತದೆ. ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ನಾಲ್ವರು ಹೆಂಗಸರನ್ನು ವಿಧಿಸುತ್ತದೆ: ಶಂಕೆಗೆ ಎಡೆಯಿಲ್ಲದವರು, ವಯಸ್ಸು ಪಕ್ವವಾದವರು, ಹೆರಿಗೆಯಲ್ಲಿ ಕುಶಲರು, ಉಗುರು ಕತ್ತರಿಸಿಕೊಂಡವರು. ಉಗುರಿನ ಮಾತನ್ನು ಹಿಡಿದು, ಸುಶ್ರುತನು ಇಂದಿನ ರೋಗಾಣುವಿಜ್ಞಾನವನ್ನು ಬಲ್ಲವನಾಗಿದ್ದನೆಂದು ಹೇಳುವುದು ಸಾಹಸವಾದೀತು. ಗಾಯವಾಗದಿರಲೆಂಬ ಎಚ್ಚರಿಕೆಯೂ ಅದಕ್ಕೆ ಕಾರಣವಾಗಿರಬಹುದು. ಆದರೂ ಕೈಯು ಹಾನಿಯನ್ನುಂಟುಮಾಡಬಲ್ಲುದೆಂಬ ತಿಳಿವಳಿಕೆಯು ಅಲ್ಲಿ ಇರುವುದಂತೂ ನಿಶ್ಚಯ.

ಹೆರಿಗೆಯ ಕ್ರಮವನ್ನು ಹೇಳುವಾಗ ಚರಕವು ಒಂದು ಮತಭೇದವನ್ನು ಉಲ್ಲೇಖಿಸುತ್ತದೆ. ಬೇನೆ ಬಂದರೂ ಹೆರಿಗೆಯಾಗದಿದ್ದರೆ ಗರ್ಭಿಣಿಯ ಕೈಗೆ ಒನಕೆಯನ್ನು ಕೊಟ್ಟು ಧಾನ್ಯವನ್ನು ಕುಟ್ಟಿಸಬೇಕು, ನಡುನಡುವೆ ಆಕಳಿಸುತ್ತ ಅಡ್ಡಾಡಿಸಬೇಕು ಎಂಬುದು ಕೆಲವರ ಮತ. ಭಗವಾನ್ ಆತ್ರೇಯನು ಇದರಲ್ಲಿ ಅರ್ಧವನ್ನು ನಿಷೇಧಿಸಿ ಅರ್ಧವನ್ನು ಒಪ್ಪುವನು. ಸುಕುಮಾರಿಯಾದವಳಿಗೆ ಅಂತಹ ಹೊತ್ತಿನಲ್ಲಿ ಒನಕೆಯ ಶ್ರಮವು ವಾಯುವನ್ನು ಕೆರಳಿಸಿ ಪ್ರಾಣಕ್ಕೇ ಅಪಾಯವನ್ನು ತರಬಹುದು. ಅಡ್ಡಾಡುವುದು ಮಾತ್ರ ಯುಕ್ತವಾದುದು. ಮುಂದೆ ಇನ್ನೊಂದು ಮುಖ್ಯವಾದ ಉಪದೇಶವಿದೆ. ಆವಿ, ಎಂದರೆ ಹೆರಿಗೆಯ ಬೇನೆ, ಬಾರದಿರುವಾಗ ಮುಕ್ಕಬಾರದು; ಸೀನು ತೇಗುಗಳು ತಾವಾಗಿ ಬಾರದಿದ್ದಾಗ ಪ್ರಯತ್ನದಿಂದ ಹೇಗೆ ಬರಲಾರವೋ ಹಾಗೆಯೇ ಅಕಾಲದ ಪ್ರಯಾಸವು ವ್ಯರ್ಥ ಮಾತ್ರವಲ್ಲ, ತಾಯಿಗೂ ಕೂಸಿಗೂ ಹಾನಿಕರ. ಬೇನೆ ಬಂದಾಗ ಮೊದಲು ಮೆಲ್ಲಗೆ, ಬಳಿಕ ಕ್ರಮವಾಗಿ ಬಲವಾಗಿ ಮುಕ್ಕಬೇಕು. ಇದನ್ನು ಗರ್ಭಿಣಿಗೆ ಹೇಳಿಕೊಡತಕ್ಕವರು ವೈದ್ಯರಲ್ಲ, ಸುತ್ತಲಿರುವ ಹೆಂಗಸರು. ಉಗುರುಬೆಚ್ಚಗಿನ ಎಣ್ಣೆಯಿಂದ ಅವಳ ಸೊಂಟ, ಪಕ್ಕೆ, ಬೆನ್ನುಗಳನ್ನು ನೀವತಕ್ಕವರೂ ಅವರೇ; ಕೂಸು ಹೊರಬರುವ ಹೊತ್ತಿನಲ್ಲಿ ಹೆರಿಗೆಯಾಯಿತೆಂದು ಹರ್ಷದ ಮಾತನ್ನಾಡಿ ಅವಳ ಪ್ರಾಣವನ್ನು ಹಿಗ್ಗಿಸತಕ್ಕವರೂ ಅವರೇ. ಆ ಹರ್ಷದ ಮಾತು ಗಂಡುಮಗುವನ್ನೇ ಹೆಸರಿಸುವುದು ಕಾಲದೋಷವೆಂಬುದನ್ನು ಮುಚ್ಚಿಡಬೇಕಾದುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗ್ರಂಥವನ್ನು ಬರೆದವರು ಗಂಡಸರು; ಸೂತಿಕಾಗಾರದೊಳಗಿನ ಈ ಸೂಕ್ಷ್ಮಗಳು ಅವರಿಗೆ ತಿಳಿದುದು ಹೇಗೆ? ವೈದ್ಯನಿಗೆ ಅಲ್ಲಿ ವಿಶೇಷವಾದ ಕರೆಯು ಬರುತ್ತಿದ್ದುದು ಗರ್ಭವು ಅಡ್ಡವಾಗಿ ಸಿಕ್ಕಿಕೊಂಡ ಮೂಢಗರ್ಭದ ಪ್ರಸಂಗದಲ್ಲಿ. ಸುಶ್ರುತನು ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆ ಕೆಲಸವನ್ನು ಅತ್ಯಂತ ಕಷ್ಟವಾದುದೆಂದು ಕರೆದು, ಒಡೆಯನ ಅನುಮತಿಯನ್ನು ಪಡೆದೇ ಅದಕ್ಕೆ ಕೈಹಾಕಬೇಕೆಂದು ಹೇಳಿರುವನು. ಸುಖಪ್ರಸವವು ಹೆಂಗಸರದೇ ರಾಜ್ಯವಾಗಿತ್ತು. ಒನಕೆಯ ವಿಷಯದ ಮತಭೇದವು ಶಾಲೆಯಲ್ಲಿ ಹುಟ್ಟಿದ ವಾದದಂತೆ ಕಾಣುವುದಿಲ್ಲ. ಅದು ಮನೆಮನೆಯ ರೂಢಿಯೊಂದನ್ನು ಶಾಸ್ತ್ರವು ಕೇಳಿ ಪರೀಕ್ಷಿಸಿದುದರ ಗುರುತು. ಆದುದರಿಂದ ಈ ಅಧ್ಯಾಯವನ್ನು ಋಷಿವಾಕ್ಯವೆಂದು ಓದುವಂತೆಯೇ, ಹೆಸರಿಲ್ಲದ ಹೆಂಗಸರ ಅನುಭವದ ಬರವಣಿಗೆಯೆಂದೂ ಓದತಕ್ಕುದು. ಗ್ರಂಥವು ಅವರ ಮಾತನ್ನು ಉಳಿಸಿತು, ಹೆಸರನ್ನು ಉಳಿಸಲಿಲ್ಲ.

೩

ಕಾವ್ಯಗಳಲ್ಲಿ ಸೂಲಗಿತ್ತಿಗೆ ದೊರೆತ ಎಡೆ ಸ್ವಲ್ಪವೇ. ಆದರೆ ಸಾನ್ನಿಧ್ಯವೆಂಬ ಅವಳ ಧರ್ಮಕ್ಕೆ ಜೈನಪುರಾಣಗಳಲ್ಲಿ ಉನ್ನತವಾದ ರೂಪಕವೊಂದು ದೊರೆತಿದೆ. ತೀರ್ಥಂಕರನು ಗರ್ಭದಲ್ಲಿರುವಾಗ ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿಯರೇ ಮೊದಲಾದ ದೇವಿಯರು ಬಂದು ತಾಯಿಯನ್ನು ಸೇವಿಸುವರೆಂಬುದು ಆ ಪುರಾಣಗಳ ಸಂಪ್ರದಾಯ. ೯ನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಈ ದೇವಿಯರು ಮರುದೇವಿಗೆ ಒಗಟುಗಳನ್ನು ಒಡ್ಡಿ, ಮಾತುಕತೆಗಳಿಂದ ಅವಳ ಹೊತ್ತನ್ನು ಕಳೆಯಿಸುತ್ತಾರೆ. ಆ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು ಪಂಪನು ೯೪೧ರಲ್ಲಿ ತನ್ನ ಆದಿಪುರಾಣವನ್ನು ರಚಿಸಿದನೆಂಬುದು ಸರ್ವವಿದಿತ. ದೇವಿಯರ ಕೆಲಸವು ಚಿಕಿತ್ಸೆಯಲ್ಲ. ಜೊತೆಗಿರುವುದು, ನಗಿಸುವುದು, ಮನಸ್ಸನ್ನು ಭಯದಿಂದ ಬೇರೆಡೆಗೆ ಒಯ್ಯುವುದು. ಧೃತಿಯೆಂಬ ಹೆಸರಿನವಳೊಬ್ಬಳು ಆ ಗುಂಪಿನಲ್ಲಿರುವುದು ಅರ್ಥವತ್ತಾಗಿದೆ.

ಬೌದ್ಧಶಿಲ್ಪವೂ ಇದನ್ನೇ ಸಾರುತ್ತದೆ. ಗಾಂಧಾರದ ಫಲಕಗಳಲ್ಲಿ ಮಾಯಾದೇವಿಯು ಮರದ ಕೊಂಬೆಯನ್ನು ಹಿಡಿದು ನಿಂತಿರುವಾಗ, ಪಕ್ಕದಲ್ಲಿ ಒಬ್ಬ ಹೆಂಗಸು ಅವಳಿಗೆ ಆಸರೆ ಕೊಟ್ಟು ನಿಂತಿರುವಳು. ಅದ್ಭುತವಾದ ಜನ್ಮದಲ್ಲಿಯೂ ಹೆರುವವಳನ್ನು ಒಂಟಿಯಾಗಿ ಬಿಡಲು ಶಿಲ್ಪಿಗೆ ಮನಸ್ಸಾಗಲಿಲ್ಲ.

ಪುರಾಣದಲ್ಲಿ ದೇವಿಯರಿಗೆ ಸಂದ ಗೌರವವು ಲೋಕದಲ್ಲಿ ಸೂಲಗಿತ್ತಿಗೆ ಸಲ್ಲಲಿಲ್ಲ. ಹೆರಿಗೆಯ ಮೈಲಿಗೆಯನ್ನು ಮುಟ್ಟುವ ಕೆಲಸವಾದುದರಿಂದ ಅದು ಅನೇಕ ಸೀಮೆಗಳಲ್ಲಿ ಕೀಳೆಂದು ಎಣಿಸಲ್ಪಟ್ಟ ಜಾತಿಗಳ ಹೆಂಗಸರ ಪಾಲಿಗೆ ಬಂದಿತು. ದಕ್ಷಿಣದೇಶದ ಹಲವೆಡೆ ನಾಯಿಂದರ ಮನೆಯ ಹೆಂಗಸರು ಇದನ್ನು ವಂಶಪಾರಂಪರ್ಯವಾಗಿ ನಡೆಸುತ್ತಿದ್ದರು. ನಡುರಾತ್ರಿಯಲ್ಲಿ ಕರೆತಂದು ಒಳಮನೆಗೆ ಬಿಟ್ಟುಕೊಂಡವಳನ್ನು ಹಗಲಿನಲ್ಲಿ ಹೊರಜಗಲಿಯಿಂದಲೇ ಕಳುಹಿಸುವ ವಿಪರೀತವೂ ನಡೆಯಿತು. ಅವಳ ವಿದ್ಯೆಯು ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಕಣ್ಣುಕೈಗಳ ಮೂಲಕವೇ ಬಂದಿತು. ಕೂಲಿಯು ಧಾನ್ಯ, ಸೀರೆ, ಎಲೆಯಡಿಕೆಗಳ ರೂಪದ್ದು. ಹೆರಿಗೆಯ ಬಳಿಕವೂ ಬಾಣಂತಿಗೆ ಎಣ್ಣೆ ಒತ್ತಿ ಬಿಸಿನೀರೆರೆಯುವುದು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸುವುದು ದಿನಗಟ್ಟಲೆ ಅವಳ ಕೆಲಸವಾಗಿರುತ್ತಿತ್ತು.

ಅವಳ ದೋಷಗಳನ್ನು ಮರೆಮಾಚಿದರೆ ಇತಿಹಾಸವು ಸ್ತುತಿಪಾಠವಾಗುತ್ತದೆ. ಹೊಕ್ಕುಳಬಳ್ಳಿಯನ್ನು ನಾಭಿಯಿಂದ ಎಂಟು ಅಂಗುಲ ಬಿಟ್ಟು, ಚಿನ್ನ, ಬೆಳ್ಳಿ ಅಥವಾ ಕಬ್ಬಿಣದ ಹರಿತವಾದ ಶಸ್ತ್ರದಿಂದ ಕೊಯ್ಯಬೇಕೆಂದು ಚರಕವು ವಿಧಿಸಿತ್ತು. ಲೋಕದಲ್ಲಿ ಕುಡುಗೋಲೋ ಬಿದಿರಿನ ಸೀಳೋ ಆ ಕೆಲಸಕ್ಕೆ ಬಂದುವು. ಅದರಿಂದ ಧನುರ್ವಾಯು ತಗುಲಿ ಸತ್ತ ಕೂಸುಗಳು ಅಸಂಖ್ಯ. ಶುದ್ಧವಾದ ನೆಲದಲ್ಲಿ ಸೂತಿಕಾಗಾರವನ್ನು ಕಟ್ಟಬೇಕೆಂಬ ವಿಧಿಯು ಗಾಳಿಬೆಳಕಿಲ್ಲದ ಮೂಲೆಕೋಣೆಯಾಗಿ ಪರಿಣಮಿಸಿತು. ಈ ಮೂಲೆಕೋಣೆಯು ಸೂಲಗಿತ್ತಿ ಆರಿಸಿದುದಲ್ಲ, ಮನೆಯವರು ಮೈಲಿಗೆಯ ಭಯದಿಂದ ಆರಿಸಿದುದು. ಆದರೆ ಅಪವಾದವು ಅವಳ ಮೇಲೆಯೇ ಉಳಿಯಿತು.

೪

ಕೈಯ ಶುದ್ಧಿಯ ವಿಷಯದಲ್ಲಿ ಲೋಕಕ್ಕೆ ಪಾಠವನ್ನು ಕಲಿಸಿದುದು ಯೂರೋಪಿನ ಒಂದು ಆಸ್ಪತ್ರೆ. ವಿಯೆನ್ನಾ ನಗರದಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದುವು; ಒಂದರಲ್ಲಿ ವೈದ್ಯವಿದ್ಯಾರ್ಥಿಗಳೂ ಇನ್ನೊಂದರಲ್ಲಿ ಸೂಲಗಿತ್ತಿಯರಾಗಲು ಕಲಿಯುವ ಹೆಂಗಸರೂ ಕೆಲಸಮಾಡುತ್ತಿದ್ದರು. ೧೮೪೬ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ ೧೧ಕ್ಕೂ ಹೆಚ್ಚು ಮಂದಿ ತಾಯಂದಿರು ಸತ್ತರು. ಹೆಂಗಸರ ವಿಭಾಗದಲ್ಲಿ ಸತ್ತವರು ನೂರಕ್ಕೆ ೩ಕ್ಕಿಂತ ಕಡಿಮೆ. ಹೆಣಗಳನ್ನು ಕೊಯ್ದ ಕೈಯಿಂದಲೇ ಹೆರಿಗೆ ಮಾಡಿಸುತ್ತಿದ್ದುದು ಇದಕ್ಕೆ ಕಾರಣವೆಂದು ಸೆಮ್ಮೆಲ್ವೈಸ್ ಎಂಬ ವೈದ್ಯನು ೧೮೪೭ರಲ್ಲಿ ಕಂಡುಕೊಂಡು, ಸುಣ್ಣದ ಕ್ಲೋರೈಡಿನ ನೀರಿನಲ್ಲಿ ಕೈತೊಳೆಯುವ ಕಟ್ಟಳೆಯನ್ನು ತಂದನು. ಮರುವರ್ಷವೇ ಎರಡು ವಿಭಾಗಗಳೂ ಸರಿಸಮಾನವಾದುವು. ಮರಣಕ್ಕೆ ಕಾರಣವು ವಿದ್ಯೆಯ ಅಭಾವವೊಂದೇ ಅಲ್ಲ, ಕೈಯ ಅಶುದ್ಧಿ ಎಂಬುದು ಇದರ ತಾತ್ಪರ್ಯ.

ಭಾರತದಲ್ಲಿ ಸುಧಾರಣೆಯು ೧೮೮೫ರಲ್ಲಿ ಲೇಡಿ ಡಫರಿನ್ನಳ ಹೆಸರಿನ ನಿಧಿಯಿಂದ ವ್ಯವಸ್ಥಿತರೂಪವನ್ನು ಪಡೆಯಿತು. ದೇಶೀಯ ದಾಯಿಯರಿಗೇ ಶಿಕ್ಷಣ ಕೊಡಬೇಕೆಂದು ೧೯೦೩ರಲ್ಲಿ ಲೇಡಿ ಕರ್ಜನ್ನಳು ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯನ್ನು ಸ್ಥಾಪಿಸಿದಳು. ಆ ನಿಧಿಯು ೧೯೧೮ರಲ್ಲಿ ಪ್ರಕಟಿಸಿದ ವರದಿಯು ದಾಯಿಯರಿಂದಾದ ಹಾನಿಗಳ ವಿವರಗಳಿಂದ ತುಂಬಿದೆ. ಆ ವಿವರಗಳು ಸುಳ್ಳಲ್ಲ. ಆದರೆ ಅವನ್ನು ಓದುವಾಗ ಒಂದು ವಿವೇಚನೆ ಬೇಕು. ಆಸ್ಪತ್ರೆಯ ವೈದ್ಯೆಯರ ಬಳಿಗೆ ಬರುತ್ತಿದ್ದುದು ಕೆಟ್ಟುಹೋದ ಹೆರಿಗೆಗಳು. ಸುಖವಾಗಿ ಮುಗಿದ ಹೆರಿಗೆಯು ಯಾವ ಪುಸ್ತಕದಲ್ಲಿಯೂ ದಾಖಲೆಯಾಗಲಿಲ್ಲ. ಮೂಢಗರ್ಭಗಳನ್ನು ಮಾತ್ರ ನೋಡಿದ ವೈದ್ಯನು ಸುಖಪ್ರಸವದ ಶಾಸ್ತ್ರವನ್ನು ಬರೆಯಲು ಹೊರಟರೆ ಆಗುವ ದೋಷವೇ ಇಲ್ಲಿಯೂ ಆಯಿತು.

ಮದರಾಸು ಆಧಿಪತ್ಯದಲ್ಲಿ ೧೯೨೬ರಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಶಾಸನವು ಬಂದಿತು. ಮೈಸೂರು ಸಂಸ್ಥಾನದಲ್ಲಿ ೧೯೩೫ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿ ತೆರೆಯಿತು. ೧೯೪೬ರ ಭೋರ್ ಸಮಿತಿಯ ವರದಿಯು ಬ್ರಿಟಿಷ್ ಭಾರತದಲ್ಲಿ ವರ್ಷಕ್ಕೆ ಸುಮಾರು ೨ ಲಕ್ಷ ಹೆಂಗಸರು ಬಸಿರು ಬಾಣಂತನಗಳ ಕಾರಣದಿಂದ ಸಾಯುತ್ತಿದ್ದರೆಂದು ಲೆಕ್ಕಹಾಕಿತು. ಈ ಅಂಕಿಯನ್ನು ಕಂಡಮೇಲೆ ಹಳೆಯದೆಲ್ಲವೂ ಚೆನ್ನಾಗಿತ್ತೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಸ್ವಾತಂತ್ರ್ಯಾನಂತರದ ಪ್ರಯತ್ನಗಳ ಫಲವೂ ಪ್ರತ್ಯಕ್ಷವಾಗಿದೆ. ೨೦೦೫ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯು ಆಸ್ಪತ್ರೆಯ ಹೆರಿಗೆಗೆ ಧನಸಹಾಯವನ್ನು ಕೊಟ್ಟಿತು. ಕರ್ನಾಟಕದಲ್ಲಿ ೨೦೦೫-೦೬ರಲ್ಲಿ ನೂರಕ್ಕೆ ಸುಮಾರು ೬೫ರಷ್ಟಿದ್ದ ಆಸ್ಪತ್ರೆಯ ಹೆರಿಗೆಗಳು ೨೦೧೯-೨೧ರ ಹೊತ್ತಿಗೆ ೯೭ಕ್ಕೆ ಏರಿದುವು. ಒಂದು ಲಕ್ಷ ಸಜೀವ ಜನನಗಳಿಗೆ ೨೦೦೪-೦೬ರಲ್ಲಿ ೨೧೩ ಇದ್ದ ತಾಯಂದಿರ ಮರಣವು ೨೦೧೮-೨೦ರಲ್ಲಿ ೬೯ಕ್ಕೆ ಇಳಿಯಿತು. ರಕ್ತಸ್ರಾವವನ್ನು ನಿಲ್ಲಿಸುವ ಔಷಧ, ಶಸ್ತ್ರಕ್ರಿಯೆ, ರಕ್ತದಾನ ಇವು ಯಾವ ಸೂಲಗಿತ್ತಿಯ ಕೈಯಲ್ಲಿಯೂ ಇರಲಿಲ್ಲ.

ಆದರೆ ಆಸ್ಪತ್ರೆಯ ಹೆರಿಗೆಕೋಣೆಯ ಬಾಗಿಲಲ್ಲಿ ತಾಯಿ, ಅತ್ತೆ, ನೆರೆಯವಳು ಎಲ್ಲರೂ ನಿಂತುಬಿಟ್ಟರು. ಒಳಗೆ ಪರಿಣತರಿದ್ದರು, ಆದರೆ ಒಬ್ಬೊಬ್ಬರಿಗೂ ಹಲವು ಮಂದಿಯ ಹೊಣೆ. ಬೇನೆಯ ಹನ್ನೆರಡು ಗಂಟೆಗಳ ಉದ್ದಕ್ಕೂ ಒಬ್ಬಳ ಕೈಯನ್ನೇ ಹಿಡಿದು ಕೂರಲು ಅವರಿಗೆ ಬಿಡುವಿರಲಿಲ್ಲ. ಚರಕನ ಪಟ್ಟಿಯಲ್ಲಿ ಶಸ್ತ್ರ ಔಷಧಿಗಳೆಲ್ಲವೂ ಪೂರ್ಣವಾದುವು. ವಾತ್ಸಲ್ಯವಂತರಾದ ಹೆಂಗಸರ ಸಾಲು ಮಾತ್ರ ಅಳಿಸಿಹೋಯಿತು.

೫

ಈ ಕೊರತೆಯನ್ನು ಮೊದಲು ಎಣಿಸಿ ತೋರಿಸಿದವರು ಪಾಶ್ಚಾತ್ಯ ವೈದ್ಯರೇ. ಡೌಲಾ ಎಂಬುದು ಗ್ರೀಕ್ ಭಾಷೆಯಲ್ಲಿ ಸೇವಕಿ ಅಥವಾ ದಾಸಿ ಎಂಬರ್ಥದ ಶಬ್ದ. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ ೧೯೭೩ರಲ್ಲಿ ಇದನ್ನು ತಾಯಿಗೆ ನೆರವಾಗುವ ಹೆಂಗಸು ಎಂಬ ಹೊಸ ಅರ್ಥದಲ್ಲಿ ಬಳಕೆಗೆ ತಂದಳು. ೧೯೮೦ರಲ್ಲಿ ಸೋಸಾ, ಕೆನೆಲ್, ಕ್ಲಾಸ್ ಮೊದಲಾದವರು ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಪರಿಚಯವೇ ಇಲ್ಲದ ಸಾಮಾನ್ಯ ಹೆಂಗಸೊಬ್ಬಳು ಜೊತೆಗಿದ್ದಾಗ ತೊಡಕಿಲ್ಲದ ಹೆರಿಗೆಯು ಸುಮಾರು ೯ ಗಂಟೆಗಳಲ್ಲಿಯೂ, ಒಂಟಿಯಾಗಿದ್ದಾಗ ಸುಮಾರು ೧೯ ಗಂಟೆಗಳಲ್ಲಿಯೂ ಮುಗಿದುದಾಗಿ ಅವರು ಕಂಡರು. ಪರೀಕ್ಷೆಗೊಳಗಾದವರು ಸ್ವಲ್ಪ ಮಂದಿಯಾದುದರಿಂದ ಈ ಅಂತರವನ್ನು ಹಾಗೆಯೇ ನಂಬತಕ್ಕುದಲ್ಲ. ೨೦೧೭ರಲ್ಲಿ ೧೭ ದೇಶಗಳ ೨೬ ಪರೀಕ್ಷೆಗಳನ್ನು, ೧೫,೦೦೦ಕ್ಕೂ ಮಿಕ್ಕ ಹೆಂಗಸರ ವೃತ್ತಾಂತಗಳನ್ನು, ಒಟ್ಟುಗೂಡಿಸಿ ನೋಡಿದಾಗ ಕಾಲದ ಉಳಿತಾಯವು ಸುಮಾರು ೪೦ ನಿಮಿಷ ಮಾತ್ರ ಎಂದು ತಿಳಿದುಬಂದಿತು. ಆದರೆ ಎಡೆಬಿಡದ ಜೊತೆಯಿದ್ದವರಲ್ಲಿ ಸಹಜವಾದ ಹೆರಿಗೆಗಳು ಹೆಚ್ಚು, ಹೊಟ್ಟೆ ಕೊಯ್ದು ತೆಗೆಯುವ ಹೆರಿಗೆಗಳು ಕಡಿಮೆ, ಹೆರಿಗೆಯ ಅನುಭವದ ಬಗೆಗಿನ ಅಸಮಾಧಾನವೂ ಕಡಿಮೆ ಎಂಬುದು ಸ್ಥಿರಪಟ್ಟಿತು.

ಭಾರತಸರಕಾರವು ೨೦೧೬ರಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆಕೋಣೆಗೆ ಸಂಗಾತಿಯೊಬ್ಬಳನ್ನು ಬಿಡಬೇಕೆಂದು ಸೂಚಿಸಿತು. ಅವಳಿಗೆ ಹಾಕಿದ ನಿಯಮಗಳನ್ನು ಗಮನಿಸಬೇಕು: ಅವಳು ಬಂಧುವಾದ ಹೆಂಗಸಾಗಿರಬೇಕು, ಸಾಧ್ಯವಾದಮಟ್ಟಿಗೆ ತಾನೂ ಹೆತ್ತವಳಾಗಿರಬೇಕು, ಅಂಟುರೋಗವಿಲ್ಲದೆ ಶುಭ್ರವಾದ ಬಟ್ಟೆಯುಟ್ಟಿರಬೇಕು, ಕೊನೆಯವರೆಗೂ ಜೊತೆಗಿರಬೇಕು, ಆಸ್ಪತ್ರೆಯವರ ಕೆಲಸಕ್ಕೆ ಅಡ್ಡಬರಬಾರದು. ಹೆತ್ತವಳಾಗಿರಬೇಕೆಂಬುದು ಚರಕನ ಮೊದಲ ಲಕ್ಷಣ; ಶುದ್ಧಿಯ ನಿಯಮವು ಸುಶ್ರುತನ ಉಗುರಿನ ನಿಯಮಕ್ಕೆ ಸಮೀಪವಾದುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿಯೂ ತಾನು ಮೆಚ್ಚಿದ ಸಂಗಾತಿಯು ಹೆರುವವಳ ಬಳಿಯಿರಬೇಕು, ಬೇನೆಯ ಕಾಲದಲ್ಲಿ ಅವಳು ಅಡ್ಡಾಡಲು ಪ್ರೋತ್ಸಾಹ ಬೇಕು, ತನಗೆ ಒತ್ತರಿಸಿ ಬಂದಾಗಲೇ ಅವಳು ಮುಕ್ಕುವಂತಾಗಬೇಕು ಎಂಬ ಅಂಶಗಳು ಬಂದಿವೆ. ಆತ್ರೇಯನ ಮತವನ್ನು ಬಲ್ಲವರಿಗೆ ಇವು ಅಪರಿಚಿತವಲ್ಲ. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಇದರಿಂದ ಸಿದ್ಧಿಸುವುದಿಲ್ಲ. ಅವರೂ ಇಂದಿನವರೂ ಹೆರುವವಳನ್ನು ತಾಳ್ಮೆಯಿಂದ ನೋಡಿದಾಗ ಒಂದೇ ವಿಷಯವನ್ನು ಕಂಡರೆಂದು ಮಾತ್ರ ಸಿದ್ಧಿಸುತ್ತದೆ.

೬

ಅದೇ ೨೦೧೮ರಲ್ಲಿ ಕನ್ನಡನಾಡಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರಾದ ಅವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಆಸ್ಪತ್ರೆಯ ಅನುಕೂಲವಿಲ್ಲದ ಆ ಸೀಮೆಯಲ್ಲಿ ಕೂಲಿಯನ್ನು ಪಡೆಯದೆ ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ತುಮಕೂರು ವಿಶ್ವವಿದ್ಯಾಲಯವು ೨೦೧೪ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತ್ತು. ೨೦೧೮ರ ಡಿಸೆಂಬರ್ ೨೫ರಂದು, ೯೮ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತರಬೇತಾದ ಸೂಲಗಿತ್ತಿಯರ ಹೊಸ ವರ್ಗವೊಂದನ್ನು ೧೮ ತಿಂಗಳ ಶಿಕ್ಷಣದಿಂದ ಸಿದ್ಧಪಡಿಸಬೇಕೆಂಬ ಕೇಂದ್ರಸರಕಾರದ ಮಾರ್ಗಸೂಚಿಯು ಹೊರಟುದೂ ಅದೇ ತಿಂಗಳಿನಲ್ಲಿ. ಹಳೆಯ ಪರಂಪರೆಯ ಪ್ರತಿನಿಧಿಯು ಹೊರಟುಹೋಗುವುದೂ ಹೊಸ ವಿಧಿಯು ಬರುವುದೂ ಹೀಗೆ ಒಟ್ಟಿಗೆ ನಡೆದುವು. ಜಾತಿಯ ಕೀಳ್ಮೆಯನ್ನು ಸೂಚಿಸುತ್ತಿದ್ದ ವೃತ್ತಿನಾಮವೇ ಅವರ ಹೆಸರಿನ ಮುಂದೆ ಬಿರುದಾಗಿ ನಿಂತುದು ಶಬ್ದಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆಸ್ಪತ್ರೆಯನ್ನು ಬಿಟ್ಟು ಮೂಲೆಕೋಣೆಗೆ ಹಿಂದಿರುಗಬೇಕೆಂಬುದು ಈ ವಿಚಾರದ ಫಲವಲ್ಲ. ಬಿಡತಕ್ಕುದು ಕುಡುಗೋಲು, ಉಳಿಸತಕ್ಕುದು ಒತ್ತಾಸೆ. ಇವೆರಡನ್ನೂ ಬೇರೆಬೇರೆಯಾಗಿ ಎಣಿಸದೆ ಹೋದುದೇ ಹಿಂದಿನ ಸುಧಾರಕರ ತಪ್ಪು. ವೈದ್ಯರ ಕರ್ತವ್ಯವು ಅವರಿಗೆ ತಿಳಿದೇ ಇದೆ. ಭಾಷೆಯನ್ನೂ ಸಾಹಿತ್ಯವನ್ನೂ ಬೋಧಿಸುವವರ ಪಾಲಿಗೂ ಇಲ್ಲಿ ಒಂದು ಕರ್ತವ್ಯವು ಉಳಿದಿದೆ. ನಾಡಿನಲ್ಲಿ ಇನ್ನೂ ಬದುಕಿರುವ ಮುದುಕಿಯರಾದ ಸೂಲಗಿತ್ತಿಯರ ಬಾಯಲ್ಲಿ ಬೇನೆಯ ಬಗೆಗಳಿಗೆ, ಕೂಸಿನ ತಿರುವಿಗೆ, ನೀವುವ ಕ್ರಮಗಳಿಗೆ, ಧೈರ್ಯ ಹೇಳುವ ರೀತಿಗೆ ಬೇರೆಬೇರೆ ಮಾತುಗಳುಂಟು. ಅವುಗಳಲ್ಲಿ ಗ್ರಂಥಗಳಿಗೆ ಬಂದುವು ಸ್ವಲ್ಪ. ಚರಕನ ಕಾಲದಲ್ಲಿ ಯಾರೋ ಒಬ್ಬರು ಸೂತಿಕಾಗಾರದ ಹೆಂಗಸರನ್ನು ಕೇಳಿ ಬರೆದಿಟ್ಟುದರಿಂದ ಒನಕೆಯ ಮಾತು ಇಂದಿಗೂ ಉಳಿದಿದೆ. ಈ ಕಾಲದವರೂ ಹಾಗೆ ಕೇಳಿ ಬರೆದಿಡಬೇಕು. ಈ ಸಲ ಮಾತಿನೊಡನೆ ಅವರ ಹೆಸರನ್ನೂ ಬರೆದಿಡಬೇಕು.